ಕೆಂಜಳಿಲಿನ ಗೋಡೆ

ಕ್ಸೇವಿಯರ್ ಮೊದಲು ನೀರು ಒಸರುತ್ತಿದ್ದ ಗೋಡೆಯನ್ನು ಅಂಗೈಯಿಂದ ತಟ್ಟಿದರು, ಆಮೇಲೆ ಬೆರಳ ಗೆಣ್ಣಿನಿಂದ ಬಡಿದು ಕಿವಿಗೊಟ್ಟರು. ಕೆಲವು ಕಡೆ ಗಟ್ಟಿ ಸದ್ದು, ಕೆಲವು ಕಡೆ ಪೊಳ್ಳು. ಪೊಳ್ಳು ಬಂದಲ್ಲೆಲ್ಲ ಪೆನ್ಸಿಲಿನಿಂದ ಗೀಟು ಹಾಕುತ್ತ ಹೋದವರು ಕೆಂಜಳಿಲಿನ ಚಿತ್ರದ ಹತ್ತಿರ ಬಂದಾಗ ಮಾತ್ರ ಪೆನ್ಸಿಲನ್ನು ಮತ್ತೆ ಕಿವಿಯ ಸಂದಿಗೆ ಸಿಕ್ಕಿಸಿಕೊಂಡರು. ಸಕಲೇಶಪುರದ ಸುತ್ತಮುತ್ತ ಮನೆಗೆ ನೀರು ನುಗ್ಗಿಸಿಕೊಂಡವರೆಲ್ಲ ಕೊನೆಗೆ ಹುಡುಕಿಕೊಂಡು ಹೋಗುವುದು ಈ ಮನುಷ್ಯನನ್ನೇ. ಬಾಯಿ ಸ್ವಲ್ಪ ಜಾಸ್ತಿ, ಕೆಲಸ ಮಾತ್ರ ನೆಟ್ಟಗೆ.

"ಇದನ್ನು ಪೂರ್ತಿ ಕೆತ್ತಬೇಕು ಮಾರಾಯ್ರೇ. ಕಲ್ಲು ಕಾಣುವ ತನಕ ಗಾರೆ ತೆಗೆದು, ಕೆಮಿಕಲ್ ಹೊಡೆದು, ಹೊಸದಾಗಿ ಸಾರಣೆ ಮಾಡುವುದು. ಚಿತ್ರ ಉಳಿಯುವುದಿಲ್ಲ."

ಬಾಗಿಲಲ್ಲಿ ನಿಂತಿದ್ದ ಶೀಲಾ ಮೆಟ್ಟಿಲು ಹತ್ತಿ ಮೇಲೆ ಹೋದಳು. ಅವಳ ಕಾಲಿನ ಸದ್ದು ಅಡುಗೆಮನೆ ಮುಟ್ಟಿತು. ಆಮೇಲೆ ಕ್ಸೇವಿಯರ್ ದನಿ ತಗ್ಗಿಸಿ ಶೀಲಾಳ ಗಂಡ ದಯಾನಂದನನ್ನು ಕೇಳಿದ್ದು ಒಂದೇ ಪ್ರಶ್ನೆ. ಮನೆಯ ಮೇಲುಗಡೆ, ಗುಡ್ಡಕ್ಕೆ ಅಡ್ಡಲಾಗಿ, ಬಸಿಗಾಲುವೆ ಇದೆಯೋ ಇಲ್ಲವೋ? ಮೇಲಿನಿಂದ ಇಳಿಯುವ ನೀರನ್ನು ಅಲ್ಲೇ ಹಿಡಿದು ಪಕ್ಕಕ್ಕೆ ತಿರುಗಿಸಿಬಿಟ್ಟರೆ ಗೋಡೆಗೆ ಇಷ್ಟೊಂದು ನೀರು ಬರಬಾರದಲ್ಲ?

"ಐತೆ. ಚೆನ್ನಾಗೇ ಐತೆ," ಎಂದ ದಯಾನಂದ.

ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ. ಕ್ಸೇವಿಯರ್ ಮೇಲೆ ಹತ್ತಿ ನೋಡಿಬಿಟ್ಟರೆ ಏನು ಗತಿ? ಪುಣ್ಯಕ್ಕೆ ಮಳೆ ಜೋರಾಯಿತು. ನಾಳೆ ಬೆಳಿಗ್ಗೆ ಚಾಣ ಸುತ್ತಿಗೆ ಸಮೇತ ಆಳುಗಳನ್ನು ಕಳಿಸುತ್ತೇನೆ ಎಂದು ಹೇಳಿ ಅವರು ಜೀಪು ಹತ್ತಿದರು.

ಹೊಂಗಡಹಳ್ಳ ದಾಟಿ ಬಿಸಿಲೆ ಕಡೆಗೆ ಹೋಗುವ ದಾರಿಯಲ್ಲಿ, ಎಡಕ್ಕೆ ಏರುವ ಕಾಫಿ ಗುಡ್ಡದ ನಡುವೆ ದಯಾನಂದನ ಮನೆ. ಅದನ್ನು ಕಟ್ಟಿಸಿದ್ದು ಅವನ ಅಪ್ಪ ಲಿಂಗಪ್ಪ. ಇಳಿಜಾರನ್ನು ಕಡಿದು ಕೆಳಗೊಂದು ನೆಲಮಾಳಿಗೆ, ಅದರ ಮೇಲೆ ವಾಸದ ಮನೆ. ಮುಂದಿನಿಂದ ನೋಡಿದರೆ ಎರಡು ಅಂತಸ್ತು, ಹಿಂದಿನಿಂದ ನೋಡಿದರೆ ಒಂದೇ. ಕೆಳಗಿನದನ್ನು ಎಲ್ಲರೂ ಕೆಳಮನೆ ಎನ್ನುತ್ತಿದ್ದರು. ಅದರ ಹಿಂಗೋಡೆ ಪೂರ್ತಿ ಮಣ್ಣಿಗೆ ಆತುಕೊಂಡಿತ್ತು. ಲಿಂಗಪ್ಪ ಪಾಯ ತೆಗೆಸುವುದಕ್ಕಿಂತ ಮೊದಲೇ ಮೇಲುಗಡೆ ಸೊಂಟದುದ್ದದ ಬಸಿಗಾಲುವೆ ತೋಡಿಸಿದ್ದ. ಪ್ರತಿ ವರ್ಷ ಮುಂಗಾರಿಗೆ ಮುಂಚೆ ಅದರೊಳಗೆ ತಾನೇ ಇಳಿದು ಮಣ್ಣು ಎತ್ತುತ್ತಿದ್ದ. ಹಾಗಾಗಿ ಅವನಿದ್ದಷ್ಟು ಕಾಲ ಕೆಳಮನೆಯಲ್ಲಿ ಕಾಫಿ ಮೂಟೆಗಳು ಬೆಚ್ಚಗೆ ಮಲಗಿದ್ದವು.

ಮೂಟೆಗಳನ್ನು ಹೊರಗೆ ಹಾಕಿಸಿದ್ದು ಮೋನಿಕಾ. ದಯಾನಂದ ಮತ್ತು ಶೀಲಾಗೆ ಇದ್ದವಳು ಅವಳೊಬ್ಬಳೇ. ಸಕಲೇಶಪುರದಲ್ಲಿ ಡಿಗ್ರಿ ಮುಗಿಸಿ ಬಂದವಳೇ ಕೆಳಮನೆಯನ್ನು ಹೋಂಸ್ಟೇ ಮಾಡೋಣ ಎಂದು ಹಿಡಿದ ಹಟ ಅಷ್ಟಿಷ್ಟಲ್ಲ. ಬರುವವರು ಬರೇ ಗದ್ದಲ ಮಾಡಿ ಹೋಗುತ್ತಾರೆ ಎಂದು ಅಪ್ಪ ಗೊಣಗಿದ. ಯಾರ ಎಂಜಲು ಲೋಟ ಯಾರು ತೊಳೆಯುವುದು ಎಂದು ಅಮ್ಮ ಗೊಣಗಿದಳು. ಹುಡುಗಿ ಇಬ್ಬರ ಮಾತನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಎರಡು ಕೋಣೆ ಮಾಡಿಸಿದಳು, ಹಾಸಿಗೆ ತರಿಸಿದಳು, ದೊಡ್ಡ ಕೋಣೆಯ ಹಿಂಗೋಡೆಯ ಮೇಲೆ ಕೈಯಾರೆ ಒಂದು ಕೆಂಜಳಿಲು, ಕಾಡಿನ ದೊಡ್ಡ ಕೆಂಪು ಅಳಿಲು, ಬರೆದಳು. ಅಂಗಡಿಯ ಕೆಂಪು ಅವಳಿಗೆ ಒಪ್ಪಿಗೆಯಾಗಲಿಲ್ಲ. ಗುಡ್ಡದ ಕೆಮ್ಮಣ್ಣನ್ನೇ ಜರಡಿ ಹಿಡಿದು, ಅಂಟಿನಲ್ಲಿ ಕಲಸಿ, ಬಟ್ಟೆಯ ಉಂಡೆಯಿಂದ ಬಳಿದಳು. ಗೋಡೆಯ ಈ ತುದಿಯಿಂದ ಆ ತುದಿಗೆ ಬಾಲ. ಬಾಲವೇ ಜಾಸ್ತಿ ಆಯ್ತಲ್ಲೇ ಎಂದು ಶೀಲಾ ನಕ್ಕಿದ್ದಳು. ಬಾಲ ಇಲ್ಲದಿದ್ದರೆ ಅದು ಕೊಂಬೆಯಿಂದ ಬೀಳುತ್ತೆ ಅಮ್ಮ ಎಂದು ಮಗಳು ಅಂದಿದ್ದಳು.

ಹೋದ ವರ್ಷದ ಪುಷ್ಯ ಮಳೆಯಲ್ಲಿ ಸ್ಕೂಟರಿನಲ್ಲಿ ಬರುತ್ತಿದ್ದ ಮೋನಿಕಾಳ ಮೇಲೆ ದಾರಿಬದಿಯ ಸಿಲ್ವರ್ ಓಕ್ ಮರ ಬಿತ್ತು. ಇದನ್ನು ಇದಕ್ಕಿಂತ ಉದ್ದ ಹೇಳುವ ಶಕ್ತಿ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ, ಇವತ್ತಿಗೂ ಇಲ್ಲ.

ಅವರದು ಲಿಂಗಾಯತರ ಮನೆ, ಸುಡುವ ಪದ್ಧತಿಯಿಲ್ಲ. ಸತ್ತವರನ್ನು ಪದ್ಮಾಸನದಲ್ಲಿ ಕೂರಿಸಿ, ಅಂಗೈಗೆ ಲಿಂಗ ಕೊಟ್ಟು, ಸುತ್ತ ವಿಭೂತಿ ಗಟ್ಟಿ ಪೇರಿಸಿ ಮಣ್ಣು ಮಾಡುತ್ತಾರೆ. ಲಿಂಗಪ್ಪನೂ ಅವನ ಹಿರೀಕರೂ ಕೂತಿದ್ದ ಜಾಗ ಹಳ್ಳದ ಆಚೆಗಿತ್ತು. ಆವತ್ತು ಹಳ್ಳ ಸೇತುವೆಯ ಮೇಲೆ ಹರಿಯುತ್ತಿತ್ತು. ಕ್ರಿಯೆ ಮಾಡಿಸುವ ಅಯ್ಯನವರು ಮನೆಯ ಜಾಗದಲ್ಲೇ ಎಲ್ಲಾದರೂ ಮಾಡಿ ಎಂದರು. ಎಲ್ಲಿ ಮಾಡುವುದು? ಗುಡ್ಡದಲ್ಲಿ ಗುದ್ದಲಿ ಹಾಕಿದಲ್ಲೆಲ್ಲ ಬಂಡೆ. ರಸ್ತೆಗೆ ಮರ ಬಿದ್ದು ಆಳುಗಳೂ ಸಿಕ್ಕಿರಲಿಲ್ಲ. ತೋಟದ ಆಳುಗಳ ಲೈನ್ ಮನೆಯಲ್ಲಿದ್ದ ಭೂತಯ್ಯ ಮತ್ತು ಇನ್ನೊಬ್ಬ, ಅಷ್ಟೇ.

ಆಗ ಶೀಲಾ ಅಡುಗೆಮನೆಯ ಕಿಟಕಿಯಿಂದ ಕೈ ಹೊರಗೆ ಹಾಕಿ ಬೊಟ್ಟು ತೋರಿಸಿದಳು. "ಅಲ್ಲಿ ಮಾಡಿ. ನಂಗೆ ಕಾಣ್ತಿರ್ಬೇಕು."

ಅವಳು ತೋರಿಸಿದ್ದು ಬಸಿಗಾಲುವೆಯ ನಟ್ಟನಡುವೆ. ಅಲ್ಲಿ ಹೇಗೂ ಸೊಂಟದವರೆಗೆ ತೋಡಿತ್ತು, ಇನ್ನಷ್ಟು ತೋಡಿದರೆ ಆಯಿತು. ಭೂತಯ್ಯನ ಮುಖದಲ್ಲಿ ಸಮಾಧಾನ ಕಂಡಿತು. ನಿಜ ಹೇಳಬೇಕೆಂದರೆ ದಯಾನಂದನಿಗೂ ಸಮಾಧಾನವಾಯಿತು. ಅಂಥ ಹೊತ್ತಿನಲ್ಲಿ ನೀರು, ಗೋಡೆ, ಕಾಲುವೆ ಎಂದು ಯೋಚಿಸುವವನು ಮನುಷ್ಯನೇ ಅಲ್ಲ. ಮಗಳನ್ನು ಕೂರಿಸಲು ಗುಂಡಿಗೆ ಇಳಿದವನು ಅವನೇ. ಇಳಿದಾಗ ಅಂಗಾಲಿಗೆ ತಂಪು ತಗುಲಿತು. ಭೂತಯ್ಯ ಮೇಲಿನಿಂದ ಎರಡು ಕುಕ್ಕೆ ಒಣ ಮಣ್ಣು ಸುರಿದ, ಅದೂ ಸೂರಿನ ಕೆಳಗಿಂದ ಕೆರೆದು ತಂದದ್ದು. ಆಮೇಲೆ ಜನ ನಿಲ್ಲುವುದಕ್ಕೆ ಜಾಗ ಬೇಕೆಂದು ಎರಡೂ ಪಕ್ಕದ ಕಾಲುವೆಯನ್ನೂ ಮುಚ್ಚಿದರು.

ಹೋದ ವರ್ಷ ಆಮೇಲೆ ಮಳೆ ಅಷ್ಟು ಹಿಡಿಯಲಿಲ್ಲ. ಈ ವರ್ಷ ಆರಿದ್ರೆ ಮಳೆ ಹಿಡಿದ ಮೇಲೆ ಕೆಳಮನೆಯ ಗೋಡೆ ಬೆವರತೊಡಗಿತು. ಪುನರ್ವಸು ಹೊತ್ತಿಗೆ ನೆಲದ ಮೂಲೆಯಿಂದ ನೀರು ಒಸರಿ ಮಂಚದ ಕಾಲು ಮುಟ್ಟಿತು. ಗೋಡೆಯ ಮೇಲೆ ಉಪ್ಪು ಎದ್ದು, ಅಳಿಲಿನ ಬೆನ್ನಿನ ಮೇಲೆ ಬಿಳಿಯ ಬೂಷ್ಟು ಕೂತಂತೆ ಕಾಣತೊಡಗಿತು. ಮಗಳು ಹೋದ ಮೇಲೆ ಹೋಂಸ್ಟೇ ನಡೆಸುತ್ತಿದ್ದವಳು ಶೀಲಾ. ಯಾರ ಎಂಜಲು ಲೋಟ ಯಾರು ತೊಳೆಯುವುದು ಎಂದಿದ್ದವಳು ಈಗ ಬಂದವರಿಗೆಲ್ಲ ಕಡುಬು ಬೇಯಿಸಿ ಬಡಿಸಿ, ಈ ಚಿತ್ರ ನಮ್ಮ ಹುಡುಗಿ ಬರೆದದ್ದು ಎಂದು ತೋರಿಸುತ್ತಿದ್ದಳು. ಆ ಒಂದು ಮಾತು ಹೇಳಲಿಕ್ಕೇ ಅವಳು ಅಷ್ಟೆಲ್ಲ ಲೋಟ ತೊಳೆಯುತ್ತಿದ್ದಳು ಎಂಬುದು ದಯಾನಂದನಿಗೆ ಗೊತ್ತಿತ್ತು.

ನೀರು ಎಲ್ಲಿಂದ ಬರುತ್ತಿದೆ ಎಂಬುದೂ ಗೊತ್ತಿತ್ತು. ಮೊದಲ ದಿನ ಗೋಡೆ ಒದ್ದೆಯಾದಾಗಲೇ ಗೊತ್ತಾಗಿತ್ತು. ಮೇಲಿನ ಅರ್ಧ ಕಾಲುವೆಯಲ್ಲಿ ಬಂದ ನೀರು ಮಗಳನ್ನು ಮಣ್ಣು ಮಾಡಿದ ಗದ್ದುಗೆಯ ಬಳಿ ತಡೆದು ನಿಂತು, ದಾರಿಯಿಲ್ಲದೆ ಅಲ್ಲೇ ಸಡಿಲ ಮಣ್ಣಿನೊಳಗೆ ಇಂಗಿ, ನೇರ ಕೆಳಗಿನ ಗೋಡೆಗೆ ಬರುತ್ತಿತ್ತು. ಇದನ್ನು ಹೆಂಡತಿಗೆ ಹೇಳುವುದು ಹೇಗೆ? ಹೇಳಿದರೆ ಅವಳು ತನ್ನ ಬೊಟ್ಟು ನೆನಪು ಮಾಡಿಕೊಳ್ಳುತ್ತಾಳೆ. ನಾನೇ ತೋರಿಸಿದ್ದಲ್ವಾ ಎನ್ನುತ್ತಾಳೆ. ಆ ಕಿಟಕಿ ಒಂದೇ ಅವಳನ್ನು ಇಷ್ಟು ದಿನ ಎತ್ತಿ ನಿಲ್ಲಿಸಿದ್ದು, ಅದನ್ನೂ ಕಿತ್ತುಕೊಂಡರೆ ಅವಳು ಯಾವುದನ್ನು ಹಿಡಿದು ನಿಲ್ಲುತ್ತಾಳೆ? ಹಾಗೆಂದುಕೊಂಡು ದಯಾನಂದ ಬಾಯಿಗೆ ಬೀಗ ಹಾಕಿಕೊಂಡ.

ಬೀಗ ಹಾಕಿಕೊಂಡು ಮಾಡಿದ ಕೆಲಸಗಳು ಒಂದೇ ಎರಡೇ? ಸೂರಿನ ನೀರು ಎಂದು ಹೇಳಿ ಮಾಡಿನ ಅಂಚಿಗೆ ಹೊಸ ತಗಡಿನ ದೋಣಿ ಕೂರಿಸಿದ. ಬಚ್ಚಲ ನೀರು ಎಂದು ಹೇಳಿ ಪೈಪು ಬದಲಾಯಿಸಿದ. ಮನೆಯ ಸುತ್ತ ಸಿಮೆಂಟು ಬಳಿದ, ಗೋಡೆಯ ಬುಡಕ್ಕೆ ಪ್ಲಾಸ್ಟಿಕ್ ಹಾಳೆ ಇಳಿಬಿಟ್ಟ, ಮೂಲೆಯಲ್ಲಿ ಗುಂಡಿ ತೆಗೆದು ಪಂಪು ಇಟ್ಟ. ಕರೆಂಟು ಇದ್ದಾಗ ಪಂಪು ಓಡಿತು, ಇಲ್ಲದಾಗ ಶೀಲಾ ಗೋಣಿಚೀಲ ಹಾಕಿ ಹಿಂಡಿದಳು. ನೀರಿಗೆ ಇವನ ಸುಳ್ಳುಗಳ ಮೇಲೆ ಒಂದಿಷ್ಟೂ ಮರ್ಯಾದೆ ಇರಲಿಲ್ಲ. ಭೂತಯ್ಯ ಎಲ್ಲವನ್ನೂ ನೋಡುತ್ತಿದ್ದ. ಒಂದು ದಿನ ಮೇಲಿನ ಗದ್ದುಗೆಯ ಕಡೆ ಕಣ್ಣು ಹಾಯಿಸಿ ಏನೋ ಹೇಳಲು ಬಾಯಿ ತೆರೆದ. ದಯಾನಂದ ಎದ್ದು ಹೋಗಿಬಿಟ್ಟ.

ಕ್ಸೇವಿಯರ್ ಹೋದ ಮೇಲೆ ಶೀಲಾ ಊಟಕ್ಕೆ ಬಡಿಸಿದಳು, ತಾನು ಕೂರಲಿಲ್ಲ. ಅವಳು ಕೇಳಿದ್ದು ನ್ಯಾಯವಾಗಿಯೇ ಇತ್ತು.

"ನೀರು ಬರೋದ್ ಎಲ್ಲಿಂದ ಅಂತ ನೋಡ್ರೀ. ಬರೋ ಕಡೆ ನಿಲ್ಸಿ. ಗೋಡೆ ಏನ್ ಮಾಡೈತೆ ಪಾಪ?"

ದಯಾನಂದ ತಟ್ಟೆ ನೋಡುತ್ತ ಕೂತ. ಚಿತ್ರ ಹೋದರೆ ಅವಳು ಅಳುತ್ತಾಳೆ, ಅತ್ತು ಸುಮ್ಮನಾಗುತ್ತಾಳೆ. ನಿಜ ಗೊತ್ತಾದರೆ ಸುಮ್ಮನಾಗುವುದೇ ಇಲ್ಲ. ಎರಡರಲ್ಲಿ ಒಂದನ್ನು ಅವನು ಆಗಲೇ ಆರಿಸಿಕೊಂಡಿದ್ದ. ಆರಿಸಿಕೊಂಡ ಸಂಕಟವೆಲ್ಲ ಸಿಟ್ಟಾಗಿ ಹೊರಗೆ ಬಂತು.

"ಒಂದ್ ಅಳಿಲ್ಗೋಸ್ಕರ ಮನೆ ಬೀಳುಸ್ಕಳಾಕಾಯ್ತದಾ?"

ಅಂದ ಮೇಲೆ ನಾಲಿಗೆ ಕಚ್ಚಿಕೊಂಡ. ಶೀಲಾ ಸಾರಿನ ಪಾತ್ರೆ ಕೆಳಗಿಟ್ಟು ಕಿಟಕಿಯ ಹತ್ತಿರ ಹೋಗಿ ನಿಂತಳು. ಹೊರಗೆ ಮಂಜು ಕವಿದು ಏನೂ ಕಾಣುತ್ತಿರಲಿಲ್ಲ, ಆದರೂ ನಿಂತಿದ್ದಳು.

ಬೆಳಿಗ್ಗೆ ಆಳುಗಳು ಬಂದರು. ಚಾಣ, ಸುತ್ತಿಗೆ, ಧೂಳು ಮುಚ್ಚುವ ಹಾಳೆ ಎಲ್ಲ ತಂದಿದ್ದರು. ದಯಾನಂದ ಅವರನ್ನು ಕರೆದುಕೊಂಡು ಕೆಳಮನೆಗೆ ಇಳಿದರೆ ಶೀಲಾ ಆಗಲೇ ಅಲ್ಲಿದ್ದಳು. ಮಣೆ ಹಾಕಿಕೊಂಡು, ಒದ್ದೆ ಗೋಡೆಗೆ ಬೆನ್ನು ಕೊಟ್ಟು, ಅಳಿಲಿನ ಕೆಳಗೆ ಕೂತಿದ್ದಳು. ಸೆರಗು ನೆನೆದು ಕಪ್ಪಾಗಿತ್ತು. ಬೈಯಲಿಲ್ಲ, ಅಳಲಿಲ್ಲ, ಏಳಲೂ ಇಲ್ಲ. ಆಳುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಅವರನ್ನು ಕಾಫಿ ಕುಡಿಯಲು ಮೇಲೆ ಕಳಿಸಿ ದಯಾನಂದ ಹೆಂಡತಿಯ ಪಕ್ಕದಲ್ಲಿ ನೆಲದ ಮೇಲೆ ಕುಕ್ಕರಿಸಿದ. ನೆನೆದ ಸೆರಗು ನೋಡುತ್ತ ನೋಡುತ್ತ ಅವನೊಳಗಿನ ಬೀಗ ತಾನಾಗಿಯೇ ಕಳಚಿತು.

"ನೀರ್ ಬರೋದು ಎಲ್ಲಿಂದ ಅಂತ ನಂಗೆ ಗೊತ್ತು ಶೀಲಾ. ಮೊದ್ಲಿಂದ್ಲೂ ಗೊತ್ತು," ಎಂದ.

ಮುಂದೆ ಎಲ್ಲವನ್ನೂ ಹೇಳಿದ. ಅಪ್ಪನ ಕಾಲುವೆ, ಆವತ್ತಿನ ಅವಸರ, ಮುಚ್ಚಿದ ಮಣ್ಣು, ಅಲ್ಲಿ ನಿಲ್ಲುವ ನೀರು. ಹೇಳುತ್ತಲೇ ಅವಳ ಕೈ ನೋಡುತ್ತಿದ್ದ. ಈಗ ಆ ಬೊಟ್ಟಿನ ಮಾತು ಬರುತ್ತದೆ, ಈಗ ಅವಳು ಹಣೆ ಚಚ್ಚಿಕೊಳ್ಳುತ್ತಾಳೆ ಎಂದು ಕಾದ. ಅದಕ್ಕೆ ಉತ್ತರಗಳನ್ನು ತಿಂಗಳಿಂದ ಜೋಡಿಸಿಟ್ಟುಕೊಂಡಿದ್ದ. ಅಯ್ಯನವರೇ ಒಪ್ಪಿದ್ದರು. ಯಾರಿಗೂ ಹೊಳೆಯಲಿಲ್ಲ. ತಪ್ಪಿದ್ದರೆ ತಡೆಯದ ತನ್ನದು, ಅವಳದಲ್ಲ.

ಅವುಗಳಲ್ಲಿ ಒಂದೂ ಬೇಕಾಗಲಿಲ್ಲ. ಶೀಲಾ ಗೋಡೆಯಿಂದ ಬೆನ್ನು ತೆಗೆದು ಮೆಲ್ಲಗೆ ತಿರುಗಿದಳು. ತಾನು ಇಷ್ಟು ಹೊತ್ತು ಒರಗಿದ್ದ ಒದ್ದೆಯನ್ನು ಅಂಗೈಯಿಂದ ಮುಟ್ಟಿದಳು. ಕೈಯನ್ನು ನೋಡಿಕೊಂಡಳು.

"ಹಂಗಾದ್ರೆ ಮೋನಿ ನೀರ್ನಾಗೆ ಕೂತವ್ಳಾ?"

ಗೋಡೆಯ ಬಗ್ಗೆ, ಹೆಂಡತಿಯ ಬಗ್ಗೆ, ಅವಳ ಬೊಟ್ಟಿನ ಬಗ್ಗೆ ಹಗಲೂ ರಾತ್ರಿ ಯೋಚಿಸಿದ್ದ ದಯಾನಂದ ಇದೊಂದನ್ನು ಮಾತ್ರ ಯೋಚಿಸದೆ ತಪ್ಪಿಸಿಕೊಂಡು ಓಡಾಡಿದ್ದ. ಅಂಗಾಲಿಗೆ ಆವತ್ತಿನ ತಂಪು ಮತ್ತೆ ತಗುಲಿತು. ಇಲ್ಲ ಎಂದ. ವಿಭೂತಿ ಹಾಕಿದ್ದೇವೆ, ಒಣ ಮಣ್ಣು ಹಾಕಿದ್ದೇವೆ, ಇಲ್ಲ ಕಣೇ ಎಂದ. ಅವಳು ಅವನ ಮುಖವನ್ನೇ ನೋಡಿದಳು. ಆ ಮುಖದಲ್ಲಿ ಸುಳ್ಳು ನಿಲ್ಲುವುದಿಲ್ಲ ಎಂಬುದು ಅವಳಿಗೆ ಮದುವೆಯಾದ ಹೊಸತರಿಂದಲೂ ಗೊತ್ತಿತ್ತು. ಆಗ ಅವಳು ಅತ್ತಳು. ಮಗಳು ಹೋದ ದಿನವೂ ಹಾಗೆ ಅತ್ತಿರಲಿಲ್ಲ. ಮಳೆಗೆ ಸಿಕ್ಕರೆ ಸೀನುತ್ತಿದ್ದ ಹುಡುಗಿ, ಕೂದಲು ಒದ್ದೆಯಾದರೆ ಜ್ವರ ಬರುತ್ತಿತ್ತು ಎಂದು ಮತ್ತೆ ಮತ್ತೆ ಅದನ್ನೇ ಹೇಳಿಕೊಂಡು ಅತ್ತಳು. ದಯಾನಂದನೂ ಅತ್ತ. ಮೇಲೆ ಆಳುಗಳು ಕಾಫಿ ಲೋಟ ಹಿಡಿದುಕೊಂಡೇ ನಿಂತಿದ್ದರು.

ಅತ್ತು ಮುಗಿದ ಮೇಲೆ ಮೊದಲು ಎದ್ದವಳು ಅವಳೇ. ಸೆರಗು ಸೊಂಟಕ್ಕೆ ಸಿಕ್ಕಿಸಿ, ನಡೀರಿ ಎಂದಳು.

ಅಯ್ಯನವರಿಗೆ ಫೋನು ಮಾಡಿದಾಗ ಅವರು ಗದ್ದುಗೆಗೆ ಕೈ ಹಚ್ಚಬೇಡಿ, ಮೇಲುಗಡೆ ಏನು ಬೇಕಾದರೂ ಮಾಡಿಕೊಳ್ಳಿ ಎಂದರು. ಗದ್ದುಗೆಯ ಮೇಲಿನಿಂದ ಬಾಗಿಸಿ, ಅದನ್ನೂ ಮನೆಯನ್ನೂ ಬಳಸಿಕೊಂಡು ಹೋಗುವ ಹಾಗೆ ಗಂಡ ಹೆಂಡತಿ ಹೊಸ ಕಾಲುವೆಯ ಗುರುತು ಹಾಕಿದರು. ಲಿಂಗಪ್ಪ ಆ ಜಾಗ ಬಿಟ್ಟಿದ್ದಕ್ಕೆ ಕಾರಣವಿತ್ತು, ಮೊಳದ ಆಳದಲ್ಲಿ ಬಂಡೆ. ಗೋಡೆಯ ಚಿತ್ರ ಕೆತ್ತಲು ತಂದಿದ್ದ ಚಾಣಗಳನ್ನು ಆಳುಗಳು ಬಂಡೆಯ ಮೇಲೆ ಇಟ್ಟು ಹೊಡೆದರು. ಭೂತಯ್ಯ ಮಳೆಗೆ ತಲೆಯ ಮೇಲೆ ಗೋಣಿಕೊಪ್ಪೆ ಹಾಕಿಕೊಂಡು ಮುಂದೆ ನಿಂತ, ದಯಾನಂದ ಗುದ್ದಲಿ ಹಿಡಿದ, ಶೀಲಾ ಬುಟ್ಟಿಯಲ್ಲಿ ಮಣ್ಣು ಹೊತ್ತಳು. ಬೇಡವೆಂದು ಯಾರೂ ಹೇಳಲಿಲ್ಲ. ವಿಷಯ ತಿಳಿದ ಕ್ಸೇವಿಯರ್ ಜೀಪಿನಲ್ಲಿ ಬಂದು, ಅಪರೂಪಕ್ಕೆ ಒಂದು ಮಾತೂ ಆಡದೆ, ಶರಟಿನ ತೋಳು ಮಡಚಿ ಕಲ್ಲು ಎತ್ತಿಹಾಕಿದರು.

ಕೊನೆಗೆ ಗದ್ದುಗೆಯ ಪಕ್ಕದಲ್ಲಿ ಕಟ್ಟಿ ನಿಂತಿದ್ದ ಹಳೆಯ ನೀರನ್ನು ಬಿಡಿಸಿದರು. ಭೂತಯ್ಯ ಒಡ್ಡು ಕಡಿದ ಕೂಡಲೇ ಕೆಂಪು ನೀರು ದಬದಬನೆ ಕಾಫಿ ಗಿಡಗಳ ನಡುವೆ ಇಳಿಯಿತು. ಉಳಿದವರೆಲ್ಲ ಊಟಕ್ಕೆ ಹೋದರೂ ಶೀಲಾ ಕೊಡೆ ಹಿಡಿದು ಅಲ್ಲೇ ನಿಂತಿದ್ದಳು. ನೀರು ಸಣ್ಣಗಾಗಿ, ತೊಟ್ಟಿಕ್ಕಿ, ನಿಲ್ಲುವ ತನಕ ನಿಂತಿದ್ದು, ಆಮೇಲೆ ಕೊಡೆಯನ್ನು ಗದ್ದುಗೆಯ ಮೇಲೆ ಊರಿ ಬಂದಳು.

ಕೆಳಮನೆಯ ನೆಲದಲ್ಲಿ ನೀರು ನಿಲ್ಲುವುದು ತಪ್ಪಿತು. ಕೆಲವು ದಿನಗಳಲ್ಲಿ ಗೋಡೆಯೂ ಅಲ್ಲಲ್ಲಿ ಬಣ್ಣ ತಿರುಗಿತು. ಶೀಲಾ ದಿನಾ ಬೆಳಿಗ್ಗೆ ಮುಖ ತೊಳೆದು, ವಿಭೂತಿ ಇಟ್ಟುಕೊಂಡು ಕೆಳಗಿಳಿಯುತ್ತಿದ್ದಳು. ಅಳಿಲಿನ ಹೊಟ್ಟೆಯ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ನಿಲ್ಲುತ್ತಿದ್ದಳು. ಒಣಗಿದ್ದರೆ ಅಲ್ಲಿಂದಲೇ ಒಣಗೈತೆ ಎಂದು ಕೂಗಿ ಹೇಳಿ, ಮೇಲೆ ಬಂದು ಕಾಫಿಗೆ ಇಡುತ್ತಿದ್ದಳು. ಅದು ಗೋಡೆಯ ಸುದ್ದಿಯಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಆ ದಿನಗಳಲ್ಲಿ ಅವಳು ಊಟ ಮಾಡಿದಳು, ಒಮ್ಮೆ ನಕ್ಕಳು ಕೂಡ.

ಆಶ್ಲೇಷಾ ಮಳೆ ಹುಯ್ಯುವುದಕ್ಕೆ ಹಿಡಿಯಿತು, ಹಗಲು ರಾತ್ರಿ ಒಂದಾಯಿತು. ಒಂದು ಬೆಳಿಗ್ಗೆ ಪಂಪು ನೋಡಲೆಂದು ಹೆಂಡತಿಗಿಂತ ಮುಂಚೆ ಕೆಳಗಿಳಿದ ದಯಾನಂದ ಗೋಡೆ ಮುಟ್ಟಿದ. ಬೆರಳು ಒದ್ದೆಯಾಯಿತು. ಓಡಿಹೋಗಿ ಕಾಲುವೆ ನೋಡಿದ, ನೀರು ಸರಾಗವಾಗಿ ಪಕ್ಕಕ್ಕೆ ಹೋಗುತ್ತಿತ್ತು. ಕ್ಸೇವಿಯರಿಗೆ ಫೋನು ಹಚ್ಚಿದರೆ, ಗುಡ್ಡದೊಳಗಿನ ತೇವ ಅದು, ಎಲ್ಲ ಕಡೆಯ ಮಣ್ಣಿನಲ್ಲೂ ಇರುವುದು, ಅಷ್ಟನ್ನು ಯಾರಿಂದಲೂ ನಿಲ್ಲಿಸಲಿಕ್ಕೆ ಆಗುವುದಿಲ್ಲ, ಮಳೆ ಕಳೆದ ಮೇಲೆ ಹೋಗುತ್ತದೆ ಎಂದರು. ಎಲ್ಲ ಕಡೆಯ ಮಣ್ಣಿನಲ್ಲೂ ಎಂಬ ಮಾತು ಕೇಳಿ ದಯಾನಂದ ಫೋನು ಇಟ್ಟುಬಿಟ್ಟ. ಅದನ್ನು ಅವಳಿಗೆ ಹೇಳುವ ಧೈರ್ಯ ಅವನಿಗಿರಲಿಲ್ಲ.

ಅವತ್ತಿನಿಂದ ಅವನು ಶೀಲಾಗಿಂತ ಮುಂಚೆ ಏಳುತ್ತಾನೆ. ಸದ್ದು ಮಾಡದೆ ಕೆಳಗಿಳಿದು, ಒಲೆಯ ಮೇಲಿನ ಹಗ್ಗದಲ್ಲಿ ಬೆಚ್ಚಗಾದ ಟವೆಲಿನಿಂದ ಗೋಡೆ ಒರೆಸುತ್ತಾನೆ. ಅವಳು ಕೈ ಇಡುವ ಜಾಗವನ್ನು ಎರಡೆರಡು ಸಲ ಒತ್ತಿ ಒರೆಸುತ್ತಾನೆ. ನೆನೆದ ಮಣ್ಣಿನ ಬಣ್ಣ, ಎಷ್ಟು ಮೆಲ್ಲಗೆ ಒರೆಸಿದರೂ ಟವೆಲಿಗೆ ಬರುತ್ತದೆ. ಬಾಲದ ತುದಿ ಆಗಲೇ ಹೋಗಿದೆ, ಹೊಟ್ಟೆ ಮಾಸುತ್ತ ಬಂದಿದೆ. ಟವೆಲನ್ನು ಅವನೇ ಒಗೆದು ಹಿಂಡುತ್ತಾನೆ.

ಶೀಲಾ ಇಳಿದು ಬರುತ್ತಾಳೆ. ಗೋಡೆಗೆ ಅಂಗೈ ಇಟ್ಟು ಕಣ್ಣು ಮುಚ್ಚುತ್ತಾಳೆ.

"ಒಣಗೈತೆ ಕಣ್ರೀ," ಎನ್ನುತ್ತಾಳೆ.

"ಹೂಂ, ಒಣಗೈತೆ," ಎನ್ನುತ್ತಾನೆ ದಯಾನಂದ, ಕೆಂಪಾದ ಟವೆಲನ್ನು ಬೆನ್ನ ಹಿಂದೆ ಹಿಡಿದುಕೊಂಡು.